ಹೆಚ್ಚು ಚುಚ್ಚದೆ ಹೃದಯದ ಕೆಲಸ ಅಳೆಯುವ ವಿಧಾನಗಳು

ತೀವ್ರ ನಿಗಾ ಘಟಕದಲ್ಲಿರುವ ರೋಗಿಯ ಹೃದಯ ನಿಮಿಷಕ್ಕೆ ಎಷ್ಟು ರಕ್ತವನ್ನು ಹೊರದೂಡುತ್ತಿದೆ, ಅದು ಅಂಗಾಂಗಗಳಿಗೆ ಸಾಕಾಗುತ್ತಿದೆಯೇ, ಸಾಲದಿದ್ದರೆ ಯಾವ ಚಿಕಿತ್ಸೆಯಿಂದ ಹೆಚ್ಚೀತು ಎಂಬುದನ್ನು ಹೃದಯದೊಳಕ್ಕೆ ನಳಿಕೆ ತೂರಿಸದೆ ತಿಳಿಯುವ ತಂತ್ರಗಳ ಸಮೂಹ. ಇವುಗಳಲ್ಲಿ ಕೆಲವಕ್ಕೆ ಧಮನಿಯಲ್ಲೊಂದು ಸೂಜಿ ಇದ್ದರೆ ಸಾಕು, ಕೆಲವನ್ನು ಅನ್ನನಾಳಕ್ಕೆ ಇಳಿಸಬೇಕು, ಮತ್ತೆ ಕೆಲವು ಚರ್ಮವನ್ನೂ ದಾಟುವುದಿಲ್ಲ. 1970ರಿಂದ ಸುಮಾರು ಮೂರು ದಶಕ ಐಸಿಯುಗಳನ್ನು ಆಳಿದ ಶ್ವಾಸಕೋಶ ಧಮನಿಯ ಕ್ಯಾಥೆಟರ್ ಹಿಂದೆ ಸರಿದ ಹಾಗೆಲ್ಲ ಇವು ಮುಂದೆ ಬಂದವು.

ಅಳೆಯಬೇಕಾದದ್ದು ಏನು

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ಒಂದು ಮಿಡಿತಕ್ಕೆ ಸುಮಾರು 70 ಮಿ.ಲೀ. ರಕ್ತವನ್ನು ಮಹಾಧಮನಿಗೆ ದೂಡುತ್ತದೆ. ಇದನ್ನು ನಿಮಿಷದ ಬಡಿತಗಳಿಂದ ಗುಣಿಸಿದರೆ ಹತ್ತಿರಹತ್ತಿರ 5 ಲೀಟರ್. ಇದೇ ಹೃದಯದ ಹೊರಹರಿವು, ವೈದ್ಯರ ಬಾಯಲ್ಲಿ ಕಾರ್ಡಿಯಾಕ್ ಔಟ್‌ಪುಟ್. ರಕ್ತದೊತ್ತಡ ಅಳೆಯುವುದು ಸುಲಭ, ಹರಿವು ಅಳೆಯುವುದು ಕಷ್ಟ; ಐಸಿಯು ವೈದ್ಯಕೀಯದ ಬಹುಪಾಲು ತಲೆನೋವು ಇಲ್ಲಿಂದಲೇ ಶುರು. ರಕ್ತಸ್ರಾವವಾದವರ ದೇಹ ಕೈಕಾಲುಗಳ ರಕ್ತನಾಳಗಳನ್ನು ಬಿಗಿದುಕೊಂಡು ಒತ್ತಡವನ್ನು ಬಹಳ ಹೊತ್ತು ಕಾಪಾಡಿಕೊಳ್ಳುತ್ತದೆ. ಮಾನಿಟರ್‌ನಲ್ಲಿ 110/80 ಕಾಣುತ್ತಿರುವಾಗಲೇ ಒಳಗಿನ ಹರಿವು ಕುಸಿದಿರಬಹುದು. ನಂಜೇರಿದ ರೋಗಿಯಲ್ಲಿ ತಿರುಗುಮುರುಗು: ನಾಳಗಳು ಸಡಿಲಗೊಂಡು ಒತ್ತಡ ಬೀಳುತ್ತದೆ, ಹೊರಹರಿವು ಸಹಜಕ್ಕಿಂತ ಹೆಚ್ಚೇ ಇರಬಹುದು. ಎರಡನ್ನೂ ಶಾಕ್ ಎಂದೇ ಕರೆಯುತ್ತಾರೆ. ಚಿಕಿತ್ಸೆ ಮಾತ್ರ ಬೇರೆ ಬೇರೆ.

ಹರಿವನ್ನು ಲೆಕ್ಕ ಹಾಕುವ ದಾರಿಯನ್ನು ಮೊದಲು ತೋರಿಸಿದವನು ಜರ್ಮನಿಯ ಶರೀರಕ್ರಿಯಾ ವಿಜ್ಞಾನಿ ಅಡಾಲ್ಫ್ ಫಿಕ್, 1870ರಲ್ಲಿ. ದೇಹ ನಿಮಿಷಕ್ಕೆ 250 ಮಿ.ಲೀ. ಆಮ್ಲಜನಕ ಬಳಸುತ್ತದೆ ಎನ್ನಿ. ಧಮನಿಯ ಒಂದು ಲೀಟರ್ ರಕ್ತದಲ್ಲಿ 200 ಮಿ.ಲೀ., ಹೃದಯಕ್ಕೆ ಮರಳಿದ ರಕ್ತದಲ್ಲಿ 150 ಮಿ.ಲೀ. ಆಮ್ಲಜನಕ ಇದ್ದರೆ ಪ್ರತಿ ಲೀಟರ್ 50 ಮಿ.ಲೀ. ಕೊಟ್ಟುಬಂದಿದೆ ಎಂದಾಯಿತು. ಹಾಗಾದರೆ ಐದು ಲೀಟರ್ ಹರಿದಿರಲೇಬೇಕು. ಲೆಕ್ಕ ಇಷ್ಟೇ. ಆದರೆ ಮರಳಿ ಬಂದ ಮಿಶ್ರರಕ್ತದ ಮಾದರಿ ಸಿಗಬೇಕಾದರೆ ಹೃದಯದ ಬಲಭಾಗಕ್ಕೆ ನಳಿಕೆ ಹೋಗಲೇಬೇಕಿತ್ತು, ಆ ಕಾಲಕ್ಕೆ ಜೀವಂತ ಮನುಷ್ಯನಲ್ಲಿ ಅದು ಊಹೆಗೂ ನಿಲುಕದ್ದು.

ಕ್ಯಾಥೆಟರಿನ ಏಳುಬೀಳು

1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಯುವ ವೈದ್ಯ ತನ್ನದೇ ತೋಳಿನ ಅಭಿಧಮನಿಯ ಮೂಲಕ 65 ಸೆಂ.ಮೀ. ನಳಿಕೆಯನ್ನು ಹೃದಯದವರೆಗೂ ತಳ್ಳಿಕೊಂಡು, ಎಕ್ಸ್‌-ರೇ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿಕೊಂಡ. ಬಂದದ್ದು ಹೊಗಳಿಕೆಗಿಂತ ಬೈಗುಳವೇ ಹೆಚ್ಚು. ಅದನ್ನು ವಿಜ್ಞಾನವಾಗಿ ಬೆಳೆಸಿದ ಆಂದ್ರೆ ಕೂರ್ನಾನ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಜೊತೆಗೆ 1956ರಲ್ಲಿ ಅವನಿಗೂ ನೊಬೆಲ್ ಬಂತು.

ಈ ನಳಿಕೆ ಪ್ರಯೋಗಾಲಯದಿಂದ ರೋಗಿಯ ಮಂಚದ ಪಕ್ಕಕ್ಕೆ ಬಂದದ್ದು 1970ರಲ್ಲಿ. ಲಾಸ್ ಏಂಜಲೀಸ್‌ನ ಜೆರೆಮಿ ಸ್ವಾನ್ ಮತ್ತು ವಿಲಿಯಂ ಗಾಂಜ್ ಕ್ಯಾಥೆಟರಿನ ತುದಿಗೆ ಪುಟ್ಟ ಬಲೂನು ಕಟ್ಟಿದರು. ಬಲೂನನ್ನು ಉಬ್ಬಿಸಿದರೆ ರಕ್ತದ ಹರಿವೇ ಅದನ್ನು ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ ದಾಟಿಸಿ ಶ್ವಾಸಕೋಶ ಧಮನಿಗೆ ಒಯ್ಯುತ್ತದೆ, ಎಕ್ಸ್‌-ರೇ ಬೇಡ. ಸಾಂಟಾ ಮೋನಿಕಾ ಕಡಲಲ್ಲಿ ಹಾಯಿದೋಣಿಗಳನ್ನು ನೋಡುತ್ತಿದ್ದಾಗ ಈ ಯೋಚನೆ ಹೊಳೆಯಿತೆಂದು ಸ್ವಾನ್ ಹೇಳಿಕೊಂಡಿದ್ದಾರೆ. ಮರುವರ್ಷವೇ ಗಾಂಜ್ ತುದಿಯಲ್ಲಿ ಉಷ್ಣಸಂವೇದಕ ಸೇರಿಸಿದರು. ತಣ್ಣನೆಯ ದ್ರಾವಣವನ್ನು ಹೃತ್ಕರ್ಣಕ್ಕೆ ಬಿಟ್ಟು, ಮುಂದೆ ರಕ್ತ ಎಷ್ಟು ತಣ್ಣಗಾಗಿ ಎಷ್ಟು ಬೇಗ ಮತ್ತೆ ಬಿಸಿಯಾಯಿತು ಎಂದು ನೋಡಿದರೆ ಹೊರಹರಿವು ಗೊತ್ತಾಗುತ್ತದೆ. ಹರಿವು ಹೆಚ್ಚಿದ್ದರೆ ತಂಪು ಬೇಗ ಕೊಚ್ಚಿಹೋಗುತ್ತದೆ, ಕಡಿಮೆಯಿದ್ದರೆ ಉಳಿಯುತ್ತದೆ. ಈ ತಾಪ ದುರ್ಬಲೀಕರಣ ವಿಧಾನವೇ ಇಂದಿಗೂ ಉಳಿದೆಲ್ಲ ಯಂತ್ರಗಳನ್ನು ಒರೆಹಚ್ಚುವ ಮಾನದಂಡ.

ಹೊಡೆತ ಬಿದ್ದದ್ದು 1996ರಲ್ಲಿ. ಅಮೆರಿಕದ ಐದು ಬೋಧನಾ ಆಸ್ಪತ್ರೆಗಳ 5,735 ರೋಗಿಗಳ ಅಧ್ಯಯನದಲ್ಲಿ ಕಾಯಿಲೆಯ ತೀವ್ರತೆಯನ್ನು ಸರಿದೂಗಿಸಿ ನೋಡಿದರೂ ಕ್ಯಾಥೆಟರ್ ಹಾಕಿಸಿಕೊಂಡವರಲ್ಲೇ 30 ದಿನಗಳೊಳಗಿನ ಸಾವು ಹೆಚ್ಚು ಕಂಡಿತು. ಅದನ್ನು ಕೈಬಿಡುವ ಕಾಲ ಬಂತೇ ಎಂಬ ಚರ್ಚೆ ವೈದ್ಯಕೀಯ ಪತ್ರಿಕೆಗಳ ಸಂಪಾದಕೀಯಕ್ಕೇ ಏರಿತು. ಆಮೇಲೆ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ರೋಗಿಗಳನ್ನು ಹಂಚಿ ನಡೆಸಿದ ಪರೀಕ್ಷೆಗಳು ಅಷ್ಟು ಕಠೋರವಾಗಿರಲಿಲ್ಲ. 2005ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಬ್ರಿಟನ್ನಿನ 65 ಐಸಿಯುಗಳ 1,041 ರೋಗಿಗಳಲ್ಲಿ ಕ್ಯಾಥೆಟರ್ ಇದ್ದವರಲ್ಲಿ ಶೇ. 68, ಇಲ್ಲದವರಲ್ಲಿ ಶೇ. 66 ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಹಾನಿಯೂ ಇಲ್ಲ, ಲಾಭವೂ ಇಲ್ಲ. ಅಷ್ಟರೊಳಗೆ ಕೈಗಳು ಹಿಂದೆಗೆದಿದ್ದವು: 1993ರಿಂದ 2004ರ ನಡುವೆ ಅಮೆರಿಕದಲ್ಲಿ ಇದರ ಬಳಕೆ ಶೇ. 65ರಷ್ಟು ಇಳಿಯಿತು.

ಈ ಫಲಿತಾಂಶದಿಂದ ಎರಡು ಪಾಠ ಕಲಿಯಬಹುದಿತ್ತು. ಒಂದು, ಚುಚ್ಚುವುದು ಅಪಾಯ, ಆದ್ದರಿಂದ ಕಡಿಮೆ ಚುಚ್ಚುವ ಯಂತ್ರ ಬೇಕು. ಲಯ ತಪ್ಪುವುದು, ಸೋಂಕು, ಹೆಪ್ಪು, ಅಪರೂಪಕ್ಕೆ ಶ್ವಾಸಕೋಶ ಧಮನಿಯೇ ಹರಿಯುವುದು, ಇವೆಲ್ಲ ಇದ್ದದ್ದೇ. ಇನ್ನೊಂದು ಪಾಠ ಹೆಚ್ಚು ಇರಿಸುಮುರಿಸಿನದು: ಅಂಕಿ ಸಿಕ್ಕ ಮಾತ್ರಕ್ಕೆ ರೋಗಿ ಗುಣವಾಗುವುದಿಲ್ಲ, ಆ ಅಂಕಿಯನ್ನು ನೋಡಿ ಮಾಡಿದ ಚಿಕಿತ್ಸೆ ಸರಿಯಿರಬೇಕು. ಯಂತ್ರ ಮಾಡುವವರಿಗೆ ಮೊದಲ ಪಾಠ ಚೆನ್ನಾಗಿ ಕೇಳಿಸಿತು.

ನಾಡಿಯ ಅಲೆಯಿಂದ ಹರಿವು

ಐಸಿಯು ರೋಗಿಗಳಲ್ಲಿ ಅನೇಕರಿಗೆ ಹೇಗಿದ್ದರೂ ಮಣಿಕಟ್ಟಿನ ಧಮನಿಯಲ್ಲಿ ಸೂಜಿ ಇರುತ್ತದೆ. ಸಿಬ್ಬಂದಿ ಅದನ್ನು ಆರ್ಟ್ ಲೈನ್ ಎನ್ನುತ್ತಾರೆ. ಪರದೆಯ ಮೇಲೆ ಏರಿಳಿಯುವ ಅದರ ಒತ್ತಡದ ಅಲೆಯಲ್ಲಿ ಹೃದಯ ದೂಡಿದ ರಕ್ತದ ಪ್ರಮಾಣವೂ ಅಡಗಿದೆ ಎಂಬ ವಿಚಾರ ಹಳೆಯದು. ಜರ್ಮನಿಯ ಒಟ್ಟೊ ಫ್ರಾಂಕ್ 1899ರಲ್ಲೇ ಧಮನಿಗಳನ್ನು ಹಿಗ್ಗಿ ಕುಗ್ಗುವ ಸಂಗ್ರಹ ಕೋಶವೆಂದು ಭಾವಿಸಿ ಗಣಿತ ಬರೆದಿದ್ದ. ತೊಡಕಿರುವುದು ಗೋಡೆಯಲ್ಲಿ. ಮೆತ್ತನೆಯ ಎಳೆ ಧಮನಿಗೆ 70 ಮಿ.ಲೀ. ಬಿದ್ದಾಗ ಏಳುವ ಒತ್ತಡ ಒಂದು, ಬಿರುಸಾದ ಮುದಿ ಧಮನಿಯಲ್ಲಿ ಏಳುವುದು ಇನ್ನೊಂದು. ನಾರ್‌ಅಡ್ರಿನಲಿನ್ ಔಷಧದ ವೇಗ ಹೆಚ್ಚಿಸಿದರೆ ನಾಳಗಳು ಬಿಗಿದು, ಹರಿವು ಬದಲಾಗದೆ ಅಲೆ ಮಾತ್ರ ಬದಲಾಗಬಹುದು.

ಇದನ್ನು ಎದುರಿಸಲು ಎರಡು ದಾರಿ ಹುಟ್ಟಿದವು. ಮೊದಲನೆಯದು ಆಗಾಗ ನಿಜವಾದ ಅಳತೆಯೊಂದನ್ನು ತೆಗೆದು ಯಂತ್ರವನ್ನು ತಿದ್ದುವುದು. ಪಿಕೊ ಯಂತ್ರದಲ್ಲಿ ಕತ್ತಿನ ದೊಡ್ಡ ಅಭಿಧಮನಿಗೆ ಸುಮಾರು 15 ಮಿ.ಲೀ. ತಣ್ಣನೆಯ ಸಲೈನ್ ಬಿಟ್ಟು, ತೊಡೆಸಂದಿನ ಧಮನಿಯಲ್ಲಿರುವ ಸಂವೇದಕದಿಂದ ತಾಪ ಇಳಿದದ್ದನ್ನು ಅಳೆಯುತ್ತಾರೆ. ತಂಪು ಹೃದಯ, ಶ್ವಾಸಕೋಶ ಎರಡನ್ನೂ ಹಾದುಬರುವುದರಿಂದ ಇಲ್ಲೊಂದು ಹೆಚ್ಚಿನ ಲಾಭವಿದೆ: ಶ್ವಾಸಕೋಶದ ಅಂಗಾಂಶದಲ್ಲಿ ಎಷ್ಟು ನೀರು ತುಂಬಿಕೊಂಡಿದೆ ಎಂಬ ಅಂದಾಜು ಸಿಗುತ್ತದೆ. ದೇಹತೂಕದ ಪ್ರತಿ ಕಿಲೋಗೆ 3ರಿಂದ 7 ಮಿ.ಲೀ. ಸಹಜ, 10 ದಾಟಿದರೆ ಶ್ವಾಸಕೋಶದಲ್ಲಿ ನೀರು ನಿಂತಿದೆ ಎಂದೇ ಅರ್ಥ. ಡ್ರಿಪ್ ಏರಿಸಬೇಕೋ ನಿಲ್ಲಿಸಬೇಕೋ ಎಂಬ ಇಕ್ಕಟ್ಟಿನಲ್ಲಿ ಇದಕ್ಕಿಂತ ಉಪಯುಕ್ತವಾದ ಅಂಕಿ ಕಡಿಮೆ. ಹಾಗೆ ನೋಡಿದರೆ ತೊಡೆಯ ಧಮನಿಗೂ ಕತ್ತಿನ ಅಭಿಧಮನಿಗೂ ನಳಿಕೆ ಬೇಡುವ ಈ ಯಂತ್ರವನ್ನು ಕಡಿಮೆ ಚುಚ್ಚುವುದು ಎಂದು ಕರೆಯುವುದು ಸ್ವಲ್ಪ ಧಾರಾಳವೇ. ಹೃದಯದೊಳಗೆ ಹೋಗುವುದಿಲ್ಲ ಎಂಬುದಷ್ಟೇ ಸಮರ್ಥನೆ. ಲಂಡನ್ನಿನಲ್ಲಿ ರೂಪುಗೊಂಡ ಲಿಡ್ಕೊ ವಿಧಾನ ತಂಪಿನ ಬದಲು ಅತ್ಯಲ್ಪ ಲಿಥಿಯಂ ಲವಣ ಬಳಸಿತು. ಮನೋರೋಗಕ್ಕೆ ಲಿಥಿಯಂ ತೆಗೆದುಕೊಳ್ಳುತ್ತಿರುವವರಿಗೆ ಅದು ಆಗದು.

ಎರಡನೆಯ ದಾರಿ ತಿದ್ದುವ ಗೋಜಿಗೇ ಹೋಗದಿರುವುದು. 2005ರಲ್ಲಿ ಬಂದ ಫ್ಲೋಟ್ರಾಕ್, ರೋಗಿಯ ವಯಸ್ಸು, ಲಿಂಗ, ಎತ್ತರ, ತೂಕಗಳಿಂದ ಧಮನಿಯ ಗುಣವನ್ನು ಊಹಿಸಿ, ಅಲೆಯ ಏರಿಳಿತದಿಂದ ಹರಿವನ್ನು ಲೆಕ್ಕ ಹಾಕುತ್ತದೆ. ಇದ್ದ ಸೂಜಿಗೆ ಸಂವೇದಕ ಸಿಕ್ಕಿಸಿದರೆ ಕೆಲಸ ಮುಗಿಯಿತು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಇದು ತಕ್ಕಮಟ್ಟಿಗೆ ನಡೆಯುತ್ತದೆ. ನಂಜಿನಿಂದ ರಕ್ತನಾಳಗಳೆಲ್ಲ ಸಡಿಲವಾಗಿರುವ ರೋಗಿಯಲ್ಲಿ, ಎಂದರೆ ಐಸಿಯುಗೆ ಅತ್ಯಂತ ಬೇಕಾದ ಹೊತ್ತಿನಲ್ಲಿ, ದಾರಿ ತಪ್ಪುತ್ತದೆ. ಗಣಿತವನ್ನು ಹಲವು ಬಾರಿ ಪರಿಷ್ಕರಿಸಿದರೂ ಈ ದೌರ್ಬಲ್ಯ ಪೂರ್ತಿ ಹೋಗಿಲ್ಲ.

ಸೂಜಿಯೂ ಬೇಡವೆನ್ನುವ ವಿಧಾನವನ್ನು ಚೆಕ್ ವಿಜ್ಞಾನಿ ಯಾನ್ ಪೆನ್ಯಾಜ್ 1973ರಲ್ಲಿ ಮುಂದಿಟ್ಟ. ಬೆರಳಿಗೆ ಸುತ್ತಿದ ಪಟ್ಟಿಯೊಳಗಿನ ಅವಕೆಂಪು ಬೆಳಕು ಬೆರಳಿನ ಧಮನಿ ಉಬ್ಬುತ್ತಿದೆಯೇ ಎಂದು ನೋಡುತ್ತಿರುತ್ತದೆ. ಉಬ್ಬಲು ಹೊರಟ ಕ್ಷಣವೇ ಪಟ್ಟಿ ಅಷ್ಟೇ ಬಿಗಿಯುತ್ತದೆ. ಧಮನಿ ಹಿಗ್ಗದಂತೆ ಹಿಡಿದಿಡಲು ಎಷ್ಟು ಒತ್ತಡ ಬೇಕಾಯಿತೋ ಅದೇ ಒಳಗಿನ ರಕ್ತದೊತ್ತಡ. ಸೊಗಸಾದ ಉಪಾಯ. ಆದರೆ ಶಾಕ್‌ನಲ್ಲಿ ಬೆರಳುಗಳು ತಣ್ಣಗಾಗಿ ನಾಳಗಳು ಮುದುಡಿಕೊಂಡಾಗ ನೋಡಲು ಅಲೆಯೇ ಉಳಿಯುವುದಿಲ್ಲ.

ಶಬ್ದತರಂಗದ ವಿಧಾನಗಳು

ಕಾಲುವೆಯ ಅಗಲ, ಆಳ ಮತ್ತು ನೀರಿನ ವೇಗ ಗೊತ್ತಿದ್ದರೆ ಎಷ್ಟು ನೀರು ಹರಿಯಿತೆಂದು ನೀರಗಂಟಿ ಹೇಳಬಲ್ಲ. ಶಬ್ದತರಂಗದಿಂದ ರಕ್ತದ ವೇಗ ಅಳೆಯುವ ಡಾಪ್ಲರ್ ವಿಧಾನಗಳ ತರ್ಕವೂ ಅಷ್ಟೇ. ಅನ್ನನಾಳದ ಡಾಪ್ಲರ್‌ನಲ್ಲಿ ತೆಳುವಾದ ಶೋಧಕವನ್ನು ಬಾಯಿ ಅಥವಾ ಮೂಗಿನಿಂದ ಇಳಿಸಿದರೆ, ಹಲ್ಲುಗಳಿಂದ 35–40 ಸೆಂ.ಮೀ. ಒಳಗೆ ಅದು ಮಹಾಧಮನಿಯ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಕೆಳಗಿಳಿಯುವ ಮಹಾಧಮನಿಗೆ ಒಟ್ಟು ಹೊರಹರಿವಿನ ಸುಮಾರು ಶೇ. 70 ಬರುತ್ತದೆಂದು ಇಟ್ಟುಕೊಂಡು ಉಳಿದದ್ದನ್ನು ಸೇರಿಸಿಕೊಳ್ಳುತ್ತಾರೆ. ಬ್ರಿಟನ್ನಿನ ಆರೋಗ್ಯ ಮೌಲ್ಯಮಾಪನ ಸಂಸ್ಥೆ ನೈಸ್ 2011ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ಇದನ್ನು ಬೆಂಬಲಿಸಿತು. ಎಚ್ಚರವಿರುವ ರೋಗಿ ಇದನ್ನು ಸಹಿಸಲಾರ. ಶೋಧಕ ಒಂದಿಷ್ಟು ತಿರುಗಿದರೂ ಸಂಕೇತ ತಪ್ಪುತ್ತದೆ.

ಮಹತ್ವದಲ್ಲಿ ಇವೆಲ್ಲವನ್ನೂ ಮೀರಿದ್ದು ಎಕೊಕಾರ್ಡಿಯೋಗ್ರಫಿ, ಆಡುಮಾತಿನ ಎಕೊ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಹೃದ್ರೋಗ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಇದನ್ನು ಆರಂಭಿಸಿದರು. ಹೊರಹರಿವಿನ ಲೆಕ್ಕ ಹೀಗೆ: ಎಡ ಹೃತ್ಕುಕ್ಷಿಯ ಹೊರದಾರಿಯ ವ್ಯಾಸ 2 ಸೆಂ.ಮೀ. ಇದ್ದರೆ ಅದರ ವಿಸ್ತೀರ್ಣ 3.14 ಚದರ ಸೆಂ.ಮೀ. ಒಂದು ಮಿಡಿತದಲ್ಲಿ ರಕ್ತ ಆ ದಾರಿಯಲ್ಲಿ 20 ಸೆಂ.ಮೀ. ಸಾಗಿತೆಂದು ಡಾಪ್ಲರ್ ತೋರಿಸಿದರೆ ಮಿಡಿತಕ್ಕೆ ಸುಮಾರು 63 ಮಿ.ಲೀ.; ನಾಡಿ 80 ಇದ್ದರೆ ನಿಮಿಷಕ್ಕೆ 5 ಲೀಟರ್. ವ್ಯಾಸವನ್ನು 2ರ ಬದಲು 2.2 ಎಂದು ಅಳೆದರೆ ಉತ್ತರ ಶೇ. 20ಕ್ಕೂ ಹೆಚ್ಚು ಜಿಗಿಯುತ್ತದೆ. ಅದಕ್ಕೇ ಅನುಭವಿಗಳು ವ್ಯಾಸವನ್ನು ಪದೇಪದೇ ಅಳೆಯುವುದಿಲ್ಲ. ರಕ್ತ ಸಾಗಿದ ದೂರ ಚಿಕಿತ್ಸೆಯ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದಷ್ಟೇ ನೋಡುತ್ತಾರೆ.

ಎಕೊದ ನಿಜವಾದ ಬಲ ಅಂಕಿಯಲ್ಲಿಲ್ಲ, ಕಾರಣ ತೋರಿಸುವುದರಲ್ಲಿದೆ. ಹರಿವು ಕಡಿಮೆ ಎಂದು ಬೇರೆ ಯಂತ್ರಗಳೂ ಹೇಳಬಲ್ಲವು. ಎಡ ಹೃತ್ಕುಕ್ಷಿ ಸೋತಿದೆಯೇ, ಶ್ವಾಸಕೋಶ ಧಮನಿಯಲ್ಲಿ ಹೆಪ್ಪು ಸಿಕ್ಕಿ ಬಲಭಾಗ ಉಬ್ಬಿದೆಯೇ, ಹೃದಯದ ಸುತ್ತ ನೀರು ತುಂಬಿ ಅಮುಕುತ್ತಿದೆಯೇ, ಕವಾಟ ಸೋರುತ್ತಿದೆಯೇ ಎಂದು ಕಂಡು ಹೇಳುವುದು ಎಕೊ ಮಾತ್ರ. ಯೂರೋಪಿನ ತೀವ್ರ ನಿಗಾ ವೈದ್ಯಕೀಯ ಸಂಘದ 2014ರ ಒಮ್ಮತದ ಹೇಳಿಕೆ ಶಾಕ್‌ನ ಬಗೆ ಗುರುತಿಸಲು ಮೊದಲು ಕೈಹಾಕಬೇಕಾದದ್ದು ಇದಕ್ಕೇ ಎಂದಿತು. ಕೊರತೆಯೆಂದರೆ ಇದು ಆ ಕ್ಷಣದ ಚಿತ್ರ, ನಿರಂತರ ನಿಗಾ ಅಲ್ಲ. ರಾತ್ರಿ ಮೂರಕ್ಕೆ ಶೋಧಕ ಹಿಡಿಯಬಲ್ಲ ಕೈಯೊಂದು ಬೇಕು.

ಇನ್ನೆರಡನ್ನು ಹೆಸರಿಸಿ ಮುಂದೆ ಹೋಗಬಹುದು. ಎದೆಯ ಮೂಲಕ ಸಣ್ಣ ವಿದ್ಯುತ್ತು ಹರಿಸಿ ಮಿಡಿತಕ್ಕೊಮ್ಮೆ ಅದಕ್ಕಾಗುವ ತಡೆಯ ಬದಲಾವಣೆ ಅಳೆಯುವ ವಿಧಾನ 1960ರ ದಶಕದಲ್ಲಿ ಗಗನಯಾತ್ರಿಗಳಿಗಾಗಿ ಬೆಳೆದದ್ದು; ಶ್ವಾಸಕೋಶದಲ್ಲಿ ನೀರಿರುವ ರೋಗಿಯಲ್ಲಿ ಅದು ತಡವರಿಸುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡ್ ಬಳಸಿ ಫಿಕ್‌ನ ಲೆಕ್ಕವನ್ನೇ ತಿರುಗಿಸಿ ಮಾಡುವ ಯಂತ್ರ ವೆಂಟಿಲೇಟರ್ ಮೇಲಿರುವವರಿಗೆ ಮಾತ್ರ ಸರಿ.

ಎಷ್ಟು ನಂಬಬಹುದು

ಹೊಸ ಯಂತ್ರದ ಅಳತೆ ತಾಪ ದುರ್ಬಲೀಕರಣದ ಅಳತೆಗಿಂತ ಶೇ. 30ರ ಮಿತಿಯೊಳಗೆ ಆಚೀಚೆ ಆದರೆ ಒಪ್ಪಬಹುದೆಂದು 1999ರಲ್ಲಿ ಸೂಚಿಸಲಾಯಿತು. 2010ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ನಾಡಿಯ ಅಲೆ, ಅನ್ನನಾಳದ ಡಾಪ್ಲರ್, ವಿದ್ಯುತ್ ತಡೆ, ಇಂಗಾಲದ ಡೈಆಕ್ಸೈಡ್ ಈ ನಾಲ್ಕೂ ಶೇ. 40ರ ಆಚೆಯೇ ಉಳಿದವು. ಎಂದರೆ ನಿಜವಾದ ಹರಿವು 5 ಲೀಟರ್ ಇರುವಾಗ ಪರದೆಯ ಮೇಲೆ 3 ಅಥವಾ 7 ಕಂಡರೆ ಅಚ್ಚರಿಪಡಬೇಕಿಲ್ಲ. ಈ ತೀರ್ಪು ಕೇಳಿಸುವಷ್ಟು ಮಾರಕವಲ್ಲ. ಮಾನದಂಡದ ತಾಪ ದುರ್ಬಲೀಕರಣವೇ ಒಂದರಿಂದೊಂದು ಅಳತೆಗೆ ಶೇ. 10–20ರಷ್ಟು ಹೊಯ್ದಾಡುತ್ತದೆ. ಮೇಲಾಗಿ, ರೋಗಿಯ ಹರಿವು 4.8 ಲೀಟರೋ 5.3 ಲೀಟರೋ ಎಂಬುದರಿಂದ ಚಿಕಿತ್ಸೆ ಬದಲಾಗುವುದು ಅಪರೂಪ. ಹತ್ತು ನಿಮಿಷದ ಹಿಂದಿಗಿಂತ ಈಗ ಏರಿತೇ ಇಳಿಯಿತೇ ಎಂಬುದು ಮುಖ್ಯ. ಆ ಪ್ರಶ್ನೆಗೆ ಈ ಯಂತ್ರಗಳಲ್ಲಿ ಹಲವು ತಕ್ಕ ಉತ್ತರ ಕೊಡುತ್ತವೆ.

ನೀರು ಕೊಡಬೇಕೇ ಬೇಡವೇ

ಶಾಕ್‌ನಲ್ಲಿರುವ ರೋಗಿಗೆ ಮೊದಲ ಚಿಕಿತ್ಸೆ ಸಲೈನ್‌ನಂಥ ದ್ರವ. ಹೃದಯದ ಸ್ನಾಯು ಹಿಗ್ಗಿದಷ್ಟೂ ಬಲವಾಗಿ ಸಂಕೋಚಿಸುತ್ತದೆ ಎಂಬ ಫ್ರಾಂಕ್–ಸ್ಟಾರ್ಲಿಂಗ್ ನಿಯಮ ಇದರ ಹಿಂದಿದೆ. ಒಂದು ಹಂತ ದಾಟಿದ ಮೇಲೆ ಹಿಗ್ಗಿದರೂ ಬಲ ಹೆಚ್ಚುವುದಿಲ್ಲ. ಕೊಟ್ಟ ನೀರು ಶ್ವಾಸಕೋಶಕ್ಕೆ, ಕರುಳಿಗೆ, ಚರ್ಮದಡಿಗೆ ಸೋರುತ್ತದೆ. ಆರಂಭದ ಚಿಕಿತ್ಸೆ ಮುಗಿದ ಐಸಿಯು ರೋಗಿಗಳಲ್ಲಿ ದ್ರವದಿಂದ ಹೊರಹರಿವು ಹೆಚ್ಚುವುದು ಸುಮಾರು ಅರ್ಧದಷ್ಟು ಜನರಿಗೆ ಮಾತ್ರ. 2011ರಲ್ಲಿ ಉಗಾಂಡ, ಕೀನ್ಯ, ತಾನ್ಸಾನಿಯಗಳ 3,141 ಮಕ್ಕಳಲ್ಲಿ ನಡೆದ ಫೀಸ್ಟ್ ಪರೀಕ್ಷೆ ಇನ್ನೂ ದೊಡ್ಡ ಆಘಾತ ಕೊಟ್ಟಿತು. ಜ್ವರದಿಂದ ರಕ್ತಚಲನೆ ಕುಂದಿದ್ದ ಈ ಮಕ್ಕಳಿಗೆ ರಭಸವಾಗಿ ದ್ರವ ಕೊಟ್ಟಾಗ 48 ಗಂಟೆಯೊಳಗೆ ಶೇ. 10.5ರಷ್ಟು, ಕೊಡದಿದ್ದಾಗ ಶೇ. 7.3ರಷ್ಟು ಮಕ್ಕಳು ತೀರಿಕೊಂಡರು.

ಕತ್ತಿನ ನಳಿಕೆಯಲ್ಲಿ ಸಿಗುವ ಕೇಂದ್ರ ಅಭಿಧಮನಿಯ ಒತ್ತಡ ನೋಡಿ ದ್ರವ ನಿರ್ಧರಿಸುವುದು ದಶಕಗಳ ರೂಢಿ. ಅದು ಈ ಪ್ರಶ್ನೆಗೆ ಉತ್ತರ ಹೇಳಲಾರದು ಎಂಬುದು ಹಲವು ಬಾರಿ ಸಾಬೀತಾದರೂ ರೂಢಿ ಪೂರ್ತಿ ಬಿಟ್ಟಿಲ್ಲ. ಅದಕ್ಕಿಂತ ಚೆನ್ನಾದ ಉಪಾಯ ಕಾಲೆತ್ತುವ ಪರೀಕ್ಷೆ. ತಲೆಯ ಕಡೆ 45 ಡಿಗ್ರಿ ಏರಿಸಿದ ಮಂಚದಲ್ಲಿ ಒರಗಿರುವ ರೋಗಿಯ ಮುಂಡವನ್ನು ಮಟ್ಟಸ ಮಾಡಿ ಕಾಲುಗಳನ್ನು 45 ಡಿಗ್ರಿ ಎತ್ತಿದರೆ ಸುಮಾರು 300 ಮಿ.ಲೀ. ರಕ್ತ ಕಾಲು, ಹೊಟ್ಟೆಗಳಿಂದ ಹೃದಯದತ್ತ ಸರಿಯುತ್ತದೆ. ಹೊರಗಿನಿಂದ ಒಂದು ಹನಿಯೂ ಬೇಡ. ಕಾಲಿಳಿಸಿದರೆ ಎಲ್ಲ ಮೊದಲಿನಂತೆ. ಒಂದು ನಿಮಿಷದೊಳಗೆ ಹೊರಹರಿವು ಶೇ. 10ರಷ್ಟು ಏರಿದರೆ ದ್ರವ ಉಪಯೋಗಕ್ಕೆ ಬಂದೀತು. ಕಾಲುಗಳನ್ನು ಕೈಯಿಂದ ಎತ್ತದೆ ಮಂಚವನ್ನೇ ಓರೆ ಮಾಡಬೇಕು. ನೋವಾದರೆ ನಾಡಿ ಏರಿ ಫಲಿತಾಂಶ ಕೆಡುತ್ತದೆ. ನೋಡಬೇಕಾದದ್ದು ಹರಿವನ್ನು, ಬಿ.ಪಿ.ಯನ್ನಲ್ಲ. ಕ್ಷಣಕ್ಷಣಕ್ಕೂ ಹರಿವು ತೋರಿಸುವ ಯಂತ್ರಗಳು ತಮ್ಮ ಬೆಲೆಗೆ ನ್ಯಾಯ ಸಲ್ಲಿಸುವುದು ಇಂಥ ಕಡೆ.

ಪೂರ್ತಿ ವೆಂಟಿಲೇಟರ್ ಉಸಿರಿನಲ್ಲಿರುವವರಿಗೆ ಇನ್ನೊಂದು ಸೂಚಕವಿದೆ. ಯಂತ್ರ ಪ್ರತಿ ಸಲ ಗಾಳಿ ತುಂಬಿದಾಗಲೂ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ನಾಡಿಯ ಅಲೆ ಕುಗ್ಗುತ್ತದೆ. ಈ ಏರಿಳಿತ ಶೇ. 13 ಮೀರಿದರೆ ದ್ರವಕ್ಕೆ ಹೃದಯ ಸ್ಪಂದಿಸುತ್ತದೆಂದು 2000ದಲ್ಲಿ ಫ್ರಾನ್ಸಿನ ತಂಡ ತೋರಿಸಿತು. ರೋಗಿ ತಾನಾಗಿ ಉಸಿರೆಳೆಯುತ್ತಿದ್ದರೆ, ಹೃದಯದ ಲಯ ತಪ್ಪಿದ್ದರೆ, ಯಂತ್ರ ತುಂಬುವ ಗಾಳಿ ಕಡಿಮೆಯಿದ್ದರೆ ಇದು ನಡೆಯದು. ಇಷ್ಟು ಷರತ್ತುಗಳನ್ನು ಪೂರೈಸುವ ರೋಗಿಗಳು ಇಂದಿನ ಐಸಿಯುವಿನಲ್ಲಿ ಕಡಿಮೆ.

ಉಪಾಯಗಳು ಇದ್ದರೂ ಅವನ್ನು ಬಳಸುವುದು ಬೇರೆ ಮಾತು. 46 ದೇಶಗಳ 2,213 ರೋಗಿಗಳನ್ನು ಗಮನಿಸಿದ 2015ರ ಫೆನಿಸ್ ಅಧ್ಯಯನದಲ್ಲಿ ಶೇ. 40ಕ್ಕೂ ಹೆಚ್ಚು ಸಲ ಯಾವ ಮುನ್ಸೂಚಕವನ್ನೂ ನೋಡದೆ ದ್ರವ ಏರಿಸಲಾಗಿತ್ತು.

ಬೆರಳ ತುದಿ

ಹರಿವು ಅಂಗಾಂಗಗಳಿಗೆ ಸಾಕೇ ಎಂಬುದನ್ನು ಹೊರಹರಿವಿನ ಅಂಕಿಯೊಂದೇ ಹೇಳದು. ರಕ್ತದ ಲ್ಯಾಕ್ಟೇಟ್, ಮೂತ್ರದ ಪ್ರಮಾಣ, ಪ್ರಜ್ಞೆ, ಚರ್ಮ ಇವನ್ನೂ ಕೇಳಬೇಕು. ದಕ್ಷಿಣ ಅಮೆರಿಕದ ಐದು ದೇಶಗಳ 28 ಆಸ್ಪತ್ರೆಗಳಲ್ಲಿ ನಂಜಿನ ಶಾಕ್‌ಗೆ ಒಳಗಾದ 424 ರೋಗಿಗಳ ಮೇಲೆ ನಡೆದ ಆಂಡ್ರೊಮಿಡಾ ಪರೀಕ್ಷೆ 2019ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಚಿಕಿತ್ಸೆಗೆ ಲ್ಯಾಕ್ಟೇಟ್ ದಾರಿ ತೋರಿಸಿದರೆ ಇನ್ನೊಂದಕ್ಕೆ ಬೆರಳ ತುದಿ: ಗಾಜಿನ ಚೂರಿನಿಂದ 10 ಸೆಕೆಂಡು ಒತ್ತಿಹಿಡಿದು ಬಿಟ್ಟಾಗ ಬಿಳಿಚಿದ ಚರ್ಮ 3 ಸೆಕೆಂಡಿನೊಳಗೆ ಮತ್ತೆ ಕೆಂಪೇರುತ್ತದೆಯೇ ಎಂಬ ಪರೀಕ್ಷೆ. 28 ದಿನಗಳಲ್ಲಿ ಬೆರಳ ಗುಂಪಿನಲ್ಲಿ ಶೇ. 34.9, ಲ್ಯಾಕ್ಟೇಟ್ ಗುಂಪಿನಲ್ಲಿ ಶೇ. 43.4 ಸಾವು. ಸಂಖ್ಯಾಶಾಸ್ತ್ರದ ಗೆರೆಯನ್ನು ಈ ಅಂತರ ಕೂದಲೆಳೆಯಲ್ಲಿ ಮುಟ್ಟದೆ ಹೋಯಿತು. ಲಕ್ಷಾಂತರ ರೂಪಾಯಿಯ ಯಂತ್ರಗಳ ಪಕ್ಕದಲ್ಲಿ ಒಂದು ಗಾಜಿನ ಚೂರು ತಲೆಯೆತ್ತಿ ನಿಂತದ್ದಂತೂ ಹೌದು. ಮಂಡಿಯ ಸುತ್ತ ಚರ್ಮ ಕಲೆಗಟ್ಟುವುದನ್ನು ನೋಡಿ ಅಂಕ ಕೊಡುವ ಫ್ರೆಂಚ್ ವಿಧಾನವೂ ಇದೆ. ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮದ ಮೇಲೆ ಆ ಕಲೆಗಳು ಸುಲಭಕ್ಕೆ ಕಾಣುವುದಿಲ್ಲ.

ಕರ್ನಾಟಕದ ಆಸ್ಪತ್ರೆಗಳಲ್ಲಿ ಈ ವಿಷಯ ಬಿಸಿಯೇರುವುದು ಡೆಂಗಿಯ ಕಾಲದಲ್ಲಿ. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕವೆಂದು ಘೋಷಿಸಿತ್ತು. ಡೆಂಗಿಯಲ್ಲಿ ರಕ್ತದ ದ್ರವಭಾಗ ನಾಳಗಳಿಂದ ಸೋರಿ ಹೊಟ್ಟೆ, ಎದೆಗೂಡಿಗೆ ಸೇರುತ್ತದೆ. ಮನೆಯವರ ಕಣ್ಣೆಲ್ಲ ಪ್ಲೇಟ್‌ಲೆಟ್ ಎಣಿಕೆಯ ಮೇಲಿರುವಾಗ ವೈದ್ಯರು ನೋಡುವುದು ಮೇಲಿನ ಮತ್ತು ಕೆಳಗಿನ ಬಿ.ಪಿ.ಗಳ ನಡುವಿನ ಅಂತರವನ್ನು. ಮಗುವಿನಲ್ಲಿ ಅದು ಪಾದರಸದ 20 ಮಿ.ಮೀ.ಗೆ ಅಥವಾ ಅದಕ್ಕೂ ಕೆಳಗೆ ಇಳಿದರೆ, ಮೇಲಿನ ಬಿ.ಪಿ. ಇನ್ನೂ ಸಹಜವಾಗಿದ್ದರೂ ಶಾಕ್ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಒಂದೆರಡು ದಿನದಲ್ಲಿ ಸೋರಿಕೆ ನಿಂತು ನೀರು ನಾಳಗಳಿಗೆ ಮರಳತೊಡಗುತ್ತದೆ. ಆಗಲೂ ಡ್ರಿಪ್ ಓಡುತ್ತಿದ್ದರೆ ಶ್ವಾಸಕೋಶ ತುಂಬುತ್ತದೆ. ಬೆರಳ ಪರೀಕ್ಷೆ, ಬಿ.ಪಿ.ಗಳ ಅಂತರ, ಎಕೊದಲ್ಲಿ ಹೃದಯ ತುಂಬಿದ ಬಗೆ ಇವನ್ನು ಗಂಟೆಗಂಟೆಗೂ ನೋಡಿ ಡ್ರಿಪ್‌ನ ವೇಗ ಬದಲಿಸುವುದೇ ಇಲ್ಲಿ ಚಿಕಿತ್ಸೆ.

ಭಾರತದಲ್ಲಿ ಎಕೊಗೆ ಕಾನೂನಿನದೊಂದು ಅಂಚೂ ಇದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಅಲ್ಟ್ರಾಸೌಂಡ್ ಯಂತ್ರಗಳನ್ನು ನೋಂದಾಯಿಸಬೇಕು, ಕೈಯಲ್ಲಿ ಹಿಡಿಯುವಷ್ಟು ಚಿಕ್ಕವನ್ನೂ ಮನಬಂದಲ್ಲಿಗೆ ಒಯ್ಯುವಂತಿಲ್ಲ. ಉದ್ದೇಶ ನ್ಯಾಯವಾದದ್ದೇ. ಆದರೆ ಹೃದಯ ನೋಡಲೆಂದು ತಂದ ಯಂತ್ರಕ್ಕೂ ಅದೇ ಕಾಗದಪತ್ರ ಅಂಟಿಕೊಳ್ಳುತ್ತದೆ.

ಹಳೆಯ ಕ್ಯಾಥೆಟರ್ ಮೂಲೆಗೆ ಬಿದ್ದಿದೆಯೇ ಹೊರತು ಸತ್ತಿಲ್ಲ. ಶ್ವಾಸಕೋಶ ಧಮನಿಯ ಒತ್ತಡ ವಿಪರೀತ ಏರಿರುವವರು, ಬಲ ಹೃತ್ಕುಕ್ಷಿ ಸೋತವರು, ಹೃದಯ ಬದಲಾವಣೆಗೆ ಕಾದಿರುವವರು, ರಕ್ತ ಪಂಪು ಮಾಡುವ ಯಂತ್ರದ ಆಸರೆಯಲ್ಲಿರುವವರು ಇಂಥವರಿಗೆ ಅದು ಕೊಡುವ ಮಾಹಿತಿಯನ್ನು ಇಂದಿಗೂ ಬೇರೆ ಯಾವ ಸಾಧನವೂ ಒಟ್ಟಿಗೆ ಕೊಡುವುದಿಲ್ಲ.